ಇಂಪ್ಲಾಂಟ್ ಗಟ್ಟಿಯಾದರೆ ಮುಚ್ಚಿಡಬೇಡಿ, ಡಾಕ್ಟರಿಗೆ ತೋರಿಸಿ

ಸ್ತನ ಕ್ಯಾನ್ಸರ್ ಆಪರೇಷನ್ ನಂತರ ಕೆಲವು ಮಹಿಳೆಯರಿಗೆ ಸಿಲಿಕಾನ್ ಇಂಪ್ಲಾಂಟ್ ಹಾಕುತ್ತಾರೆ. ಹೊರಗಿನ ವಸ್ತು ಒಳಗೆ ಬಂದಾಗ ದೇಹ ಅದರ ಸುತ್ತ ತೆಳು ಪೊರೆ ಕಟ್ಟುತ್ತದೆ. ಇದು ಸಹಜ. ಆದರೆ ಕೆಲವರಲ್ಲಿ ಆ ಪೊರೆ ದಪ್ಪವಾಗಿ, ಬಿಗಿದು ಇಂಪ್ಲಾಂಟನ್ನು ಹಿಂಡುತ್ತದೆ. ಇದೇ 'ಕ್ಯಾಪ್ಸುಲರ್ ಕಾಂಟ್ರಾಕ್ಚರ್'.

ಇದಕ್ಕೆ 4 ಹಂತಗಳಿವೆ. 1ರಲ್ಲಿ ಸ್ತನ ಮೃದುವಾಗಿಯೇ ಇರುತ್ತದೆ, 2ರಲ್ಲಿ ಸ್ವಲ್ಪ ಗಟ್ಟಿ, 3ರಲ್ಲಿ ಆಕಾರ ಕೆಡುತ್ತದೆ, 4ರಲ್ಲಿ ನೋವೂ ಇರುತ್ತದೆ. ರೇಡಿಯೇಷನ್ ಪಡೆದವರಿಗೆ, ಸೋಂಕು ಆದವರಿಗೆ ಅಪಾಯ ಹೆಚ್ಚು.

ಹಿಸುಕಿ ಸರಿಮಾಡಲು ಹೋಗಬೇಡಿ, ಇಂಪ್ಲಾಂಟ್ ಒಡೆಯಬಹುದು. ನೋವು ಹೆಚ್ಚಾದರೆ ಪೊರೆ ತೆಗೆಯುವ ಆಪರೇಷನ್ ಬೇಕಾಗಬಹುದು.

ಗಟ್ಟಿಯಾದದ್ದೆಲ್ಲ ಕ್ಯಾನ್ಸರ್ ಮರಳಿದ್ದಲ್ಲ. ಆದರೆ ಅದನ್ನು ಹೇಳಬೇಕಾದವರು ಡಾಕ್ಟರ್. ವರ್ಷಗಳ ನಂತರ ಊತ ಬಂದರೂ ತೋರಿಸಿ. ಉಮ್ಮ, ಸಹೋದರಿ ಹೇಳಲು ನಾಚಿದರೆ ಮನೆಯವರೇ ಜೊತೆಗೆ ಹೋಗಿ.