ಮಾಗಿಯ ಚಳಿಯಲ್ಲಿ ಕುರಿ ಮಂದೆಯ ಬಿಡಾರ: ರಿಪೇರಿ ಮತ್ತು ಆರೈಕೆ

ರಾಗಿ ಕೊಯ್ಲು ಮುಗಿದು ಹೊಲಗಳು ಬಯಲಾಗುತ್ತಿದ್ದಂತೆ ಅರಸೀಕೆರೆ, ಬೇಲೂರು ತಾಲ್ಲೂಕುಗಳಲ್ಲಿ ಕುರಿ ಮಂದೆಗಳು ಹೊಲದಿಂದ ಹೊಲಕ್ಕೆ ಸಾಗತೊಡಗುತ್ತವೆ. ಮಂದೆಯ ಜೊತೆಗೆ ಒಂದು ಮನೆಯೂ ಸಾಗುತ್ತದೆ. ನಾಲ್ಕಾರು ಬಿದಿರು ಗಳ, ಒಂದು ಟಾರ್ಪಾಲು, ಬಲೆ, ಮರಿ ಮುಚ್ಚುವ ಮಂಕರಿ, ಕಂಬಳಿ, ಅಡಿಗೆ ಪಾತ್ರೆ, ಇಷ್ಟೇ ಆ ಮನೆ. ಊರಿನ ಮನೆಯ ಗೋಡೆ ಬಿರುಕು ಬಿಟ್ಟರೆ ಕೂಡಲೇ ಮಣ್ಣು ಮೆತ್ತುವ ನಾವು ಈ ಮನೆಗೂ ರಿಪೇರಿ ಬೇಕೆಂಬುದನ್ನು ಮರೆಯುತ್ತೇವೆ. ಆದರೆ ಮಾಗಿಯಲ್ಲಿ ಎಳೆಮರಿ ಉಳಿಯುವುದೂ ಸಾಯುವುದೂ ಎಷ್ಟೋ ಸಲ ಬಿಡಾರದ ಸ್ಥಿತಿಯನ್ನೇ ಅವಲಂಬಿಸಿರುತ್ತದೆ.

ಈ ಸೀಮೆ ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಮತ್ತು ಅದಕ್ಕೂ ಎತ್ತರದಲ್ಲಿದೆ. ಡಿಸೆಂಬರ್, ಜನವರಿ ತಿಂಗಳ ಬೆಳಗಿನ ಜಾವ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಇಷ್ಟು ಚಳಿಯನ್ನು ಮೈ ಒಣಗಿರುವ ಕುರಿ ಸುಲಭವಾಗಿ ತಡೆಯುತ್ತದೆ. ತಡೆಯಲಾರದ್ದು ತೇವವನ್ನು. ನಮ್ಮ ಹಾಸನ ತಳಿಯ ಕುರಿಯ ಉಣ್ಣೆ ಒರಟು ಮತ್ತು ವಿರಳ. ಹೊಟ್ಟೆಯ ಅಡಿ ಹಾಗೂ ಕಾಲುಗಳಲ್ಲಿ ಸಾಮಾನ್ಯವಾಗಿ ಉಣ್ಣೆಯೇ ಇರುವುದಿಲ್ಲ. ಒದ್ದೆ ನೆಲದ ಮೇಲೆ ಮಲಗಿದರೆ ಶೀತ ನೇರವಾಗಿ ಹೊಟ್ಟೆಗೆ ತಗಲುತ್ತದೆ.

ಚಳಿಯೆಂದು ಗುಡಾರವನ್ನು ನಾಲ್ಕೂ ಕಡೆ ಬಿಗಿಯಾಗಿ ಮುಚ್ಚುವುದು ರೂಢಿ. ಇದು ಸರಿಯಲ್ಲ. ಉಸಿರಿನ ಹಬೆ ಪ್ಲಾಸ್ಟಿಕ್ಕಿನ ಒಳಮೈಗೆ ಹನಿಗಟ್ಟಿ ಬೆಳಗಿನ ಹೊತ್ತಿಗೆ ಮರಿಗಳ ಮೇಲೆ ತೊಟ್ಟಿಕ್ಕುತ್ತದೆ. ಗಂಜಲದ ಘಾಟು ಒಳಗೇ ನಿಂತು ಶ್ವಾಸಕೋಶವನ್ನು ಕೆಡಿಸುತ್ತದೆ. ಮಂಗೋಲಿಯ ದೇಶದಲ್ಲಿ ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗುತ್ತದೆ. ಅಲ್ಲಿಯ ಕುರಿಗಾಹಿಗಳು ಉಣ್ಣೆಯ ದಪ್ಪ ಹೊದಿಕೆಯ ದುಂಡು ಗುಡಾರ ಹೂಡಿಯೂ ನೆತ್ತಿಯಲ್ಲೊಂದು ಕಿಂಡಿ ಬಿಡುತ್ತಾರೆ. ನೀವು ಗುಡಾರದ ಗಾಳಿ ಬೀಸದ ಬದಿಯಲ್ಲಿ, ಗಳುವಿನ ಕೆಳಗೆ, ಒಂದು ಗೇಣು ತೆರಪು ಬಿಟ್ಟರೆ ಸಾಕು. ಮಾಗಿಯಲ್ಲಿ ಗಾಳಿ ಮೂಡಲಿನಿಂದ ಬೀಸುವುದರಿಂದ ಬಾಯಿ ಪಡುವಲಿಗಿರಲಿ. ಮುಂಗಾರಿನಲ್ಲಿ ಇದನ್ನು ತಿರುಗಿಸಬೇಕು.

ಸ್ಥಳದ ಆಯ್ಕೆಗೂ ಗಮನ ಕೊಡಿ. ತಣ್ಣನೆಯ ಗಾಳಿ ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ. ಹಳೇಬೀಡಿನ ದ್ವಾರಸಮುದ್ರ ಕೆರೆಯಂಥ ದೊಡ್ಡ ಕೆರೆಗಳ ಅಂಗಳದಲ್ಲಿ ನೀರು, ಮೇವು ಹತ್ತಿರವೆಂಬ ಆಸೆಗೆ ಬೀಡು ಬಿಟ್ಟರೆ ಮಂಜು, ಇಬ್ಬನಿ ಎರಡೂ ಹೆಚ್ಚು. ಸ್ವಲ್ಪ ಮೇಲಿನ ಇಳಿಜಾರು ಒಳ್ಳೆಯದು. ಬದುವಿನ ಹುಣಸೆ, ಹೊಂಗೆ ಮರದಡಿ ಇಬ್ಬನಿ ಕಡಿಮೆ. ತೆಂಗಿನ ತೋಟದಲ್ಲಾದರೆ ಮರದ ಬುಡ ಬಿಟ್ಟು ನಾಲ್ಕು ಮರಗಳ ನಡುವೆ ಹೂಡಿ. ಕಾಯಿ, ಒಣಗರಿ ಯಾವ ಹೊತ್ತಿಗೆ ಬಿದ್ದಾವೆಂದು ಹೇಳಬರುವುದಿಲ್ಲ.

ಇನ್ನು ರಿಪೇರಿ. ಪ್ಲಾಸ್ಟಿಕ್ ಟಾರ್ಪಾಲಿಗೆ ಸೈಕಲ್ ಪಂಕ್ಚರಿನ ಸಲ್ಯೂಷನ್ ಹಿಡಿಯುವುದಿಲ್ಲ. ಹಳೆಯ ಟಾರ್ಪಾಲಿನ ತುಂಡನ್ನು ಹರಕಿಗಿಂತ ನಾಲ್ಕು ಬೆರಳು ದೊಡ್ಡದಾಗಿ ಕತ್ತರಿಸಿ, ಎರಡೂ ಮುಖಗಳನ್ನು ಒರೆಸಿ ಒಣಗಿಸಿ, ಹರಕಿನ ಮೇಲಿಟ್ಟು, ಮೇಲೆ ಕೆಳಗೆ ವೃತ್ತಪತ್ರಿಕೆ ಹಾಸಿ ಇಸ್ತ್ರಿ ಪೆಟ್ಟಿಗೆಯನ್ನು ಹದವಾದ ಕಾವಿನಲ್ಲಿ ಒತ್ತಿದರೆ ಕರಗಿ ಅಂಟಿಕೊಳ್ಳುತ್ತದೆ. ಮೊದಲು ಬೇಡದ ಚೂರಿನ ಮೇಲೆ ಕಾವು ಪರೀಕ್ಷಿಸಿ. ಇಸ್ತ್ರಿ ಸಿಗದಿದ್ದರೆ ನೈಲಾನ್ ದಾರದಿಂದ ಹೊಲಿಯಿರಿ. ತೇಪೆ ಯಾವಾಗಲೂ ಹೊರಬದಿಗಿರಲಿ. ಕ್ಯಾನ್ವಾಸ್ ಬಟ್ಟೆಯಾದರೆ ಹೊಲಿದ ಗೆರೆಯ ಮೇಲೆ ಮೇಣ ಉಜ್ಜಿ ಬಿಸಿಲಿಗೆ ಹಾಕಿ.

ಅಂಚಿನ ಹಿತ್ತಾಳೆ ಬಳೆ ಕಿತ್ತುಹೋದಲ್ಲಿ ಹೊಸ ತೂತು ಕೊರೆಯಬೇಡಿ, ಅದೂ ಹರಿಯುತ್ತದೆ. ನಿಂಬೆಕಾಯಿ ಗಾತ್ರದ ನುಣುಪು ಕಲ್ಲನ್ನು ಟಾರ್ಪಾಲಿನ ಒಳಬದಿಗಿಟ್ಟು, ಟಾರ್ಪಾಲನ್ನು ಅದರ ಸುತ್ತ ಮಡಿಸಿ, ಕುತ್ತಿಗೆಗೆ ತೆಂಗಿನ ನಾರಿನ ಹಗ್ಗ ಬಿಗಿಯಿರಿ. ಕಾಸಿಲ್ಲದ ರಿಪೇರಿ, ಬಳೆಗಿಂತ ಗಟ್ಟಿ. ಗಳುಗಳ ತುದಿ ಸೀಳಿದ್ದರೆ ಹಳೆಯ ಸೈಕಲ್ ಟ್ಯೂಬು ಸುತ್ತಿ. ಇಲ್ಲವಾದರೆ ಆ ಸೀಳೇ ಟಾರ್ಪಾಲನ್ನು ಹರಿಯುತ್ತದೆ.

ಮಂಕರಿಯ ಗಾಳಿ ಬದಿಗೆ ಮಾತ್ರ ಗೋಣಿತಾಟು ಹೊಲಿಯಿರಿ. ಸುತ್ತಲೂ ಬೇಡ. ಒಳಗೆ ಒಣ ಎಲೆ ಇಲ್ಲವೇ ಒಣಹುಲ್ಲು ಹಾಸಿ, ದಿನವೂ ತೆಗೆದುಹಾಕಿ, ಮಂಕರಿಯನ್ನು ಮಧ್ಯಾಹ್ನದವರೆಗೆ ಬಿಸಿಲಿಗೆ ಬೋರಲು ಹಾಕಬೇಕು. ಹುಟ್ಟಿದ ಮರಿಯ ಮೈ ಒರೆಸಿ, ಗಿಣ್ಣುಹಾಲು ಕುಡಿಸಿದ ಮೇಲೆಯೇ ಮಂಕರಿಯೊಳಗೆ ಬಿಡಿ. ಬೆನ್ನು ಬಾಗಿಸಿ ನಿಂತ, ಮೂಗು ಸೋರುವ, ಮೊಲೆ ಹಿಡಿಯದ ಮರಿ ಕಂಡರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ.

ಕಂಬಳಿಯನ್ನು ವಾರಕ್ಕೊಮ್ಮೆ ಬಿಸಿಲಿಗೆ ಹರವಿ, ಹುಳು ತಿಂದ ತೂತನ್ನು ಸಣ್ಣದಿರುವಾಗಲೇ ಉಣ್ಣೆದಾರದಿಂದ ಹೊಲಿಯಿರಿ. ಬಲೆಯಲ್ಲಿ ಮುಷ್ಟಿಗಿಂತ ದೊಡ್ಡ ತೂತಿದ್ದರೆ ಮರಿಯ ಕತ್ತು ಸಿಕ್ಕಿಕೊಳ್ಳುತ್ತದೆ. ನಿತ್ಯ ನೋಡಿ ಗಂಟು ಹಾಕಿ. ಅರಸೀಕೆರೆಯ ಹಿರೇಕಲ್ಲು ಗುಡ್ಡದ ಸೆರಗಿನಲ್ಲಿ ಚಿರತೆಯ ಭಯವುಂಟು. ಬಲೆಯೊಂದನ್ನೇ ನಂಬದೆ ನಾಯಿ, ದೀಪ ಎರಡನ್ನೂ ಇಟ್ಟುಕೊಳ್ಳತಕ್ಕದ್ದು.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮಲಗುವಾಗ ಬೋಗುಣಿಯಲ್ಲಿ ಕೆಂಡ ತುಂಬಿ ಗುಡಾರದೊಳಗಿಟ್ಟುಕೊಳ್ಳುವುದು ಪ್ರಾಣಾಪಾಯಕರ. ಹೊಗೆಯಾಡದ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಹೊರಡುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವನಿಗೆ ಎಚ್ಚರವೇ ಆಗುವುದಿಲ್ಲ. ಬೆಂಕಿ ಹೊರಗಿರಲಿ, ಮಲಗುವ ಮೊದಲು ಆರಿಸಿ.

ಮಂದೆ ನಿಲ್ಲಿಸಿಕೊಳ್ಳುವ ಹೊಲದ ಯಜಮಾನರೇ, ಇದರಲ್ಲಿ ನಿಮ್ಮ ಪಾಲೂ ಇದೆ. ಕುರಿಗೊಬ್ಬರದಲ್ಲಿ ನೂರಕ್ಕೆ ಸುಮಾರು 3 ಭಾಗ ಸಾರಜನಕ, 1 ಭಾಗ ರಂಜಕ, 2 ಭಾಗ ಪೊಟ್ಯಾಷ್ ಇದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಅರ್ಧ ಭಾಗದಷ್ಟೇ. ಮಂದೆ ಬರುವ ಮೊದಲೇ ಹೆಣೆದ ತೆಂಗಿನ ಗರಿಯ ನಾಲ್ಕು ತಡಿಕೆಗಳನ್ನೂ ಒಂದು ಹೊರೆ ಒಣ ಎಲೆಯನ್ನೂ ಬದುವಿನ ಮೇಲಿಡಿ. ಎರಡು ಮೂರು ರಾತ್ರಿಗೊಮ್ಮೆ ಮಂದೆಯ ಜಾಗ ಬದಲಿಸಲು ಹೇಳಿ. ಕುರಿಗಳಿಗೆ ಒಣ ನೆಲ ಸಿಗುತ್ತದೆ, ಹಿಕ್ಕೆ ಗಂಜಲ ಹೊಲದ ತುಂಬ ಹರಡುತ್ತದೆ. ಮಂದೆ ಎದ್ದ ಜಾಗವನ್ನು ತಡಮಾಡದೆ ತೆಳುವಾಗಿ ಉತ್ತು ಮಣ್ಣು ಮುಚ್ಚಿಸಿ. ಬಿಸಿಲಿಗೆ ಬಿಟ್ಟರೆ ಸಾರಜನಕ ಗಾಳಿಪಾಲಾಗುತ್ತದೆ.