ವಸ್ತುಸಂಗ್ರಹಾಲಯಗಳ ಜೀರ್ಣೋದ್ಧಾರದಲ್ಲಿ ತಂತಿ, ಗಾಳಿ ಮತ್ತು ನೀರು

ವಸ್ತುಸಂಗ್ರಹಾಲಯದ ಜೀರ್ಣೋದ್ಧಾರವೆಂದೊಡನೆ ಹೊಸ ಸುಣ್ಣಬಣ್ಣ, ಗಾಜಿನ ಕಪಾಟುಗಳು ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಗೋಡೆಯೊಳಗಿನ ವಿದ್ಯುತ್ ತಂತಿ, ಚಾವಣಿಯ ಕೊಳವೆ, ಹವಾನಿಯಂತ್ರಣ ಯಂತ್ರ ಇವುಗಳ ಯೋಚನೆ ಕೊನೆಗೆ, ಅದೂ ಹಣ ಮಿಕ್ಕರೆ. ಈ ಕ್ರಮ ತಲೆಕೆಳಗಾದುದೆಂಬುದಕ್ಕೆ ಬ್ರೆಜಿಲ್ ದೇಶದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಗತಿಯೇ ಸಾಕ್ಷಿ.

ರಿಯೋ ಡಿ ಜನೈರೋ ನಗರದ ಆ ಸಂಸ್ಥೆ 1818ರಲ್ಲಿ ಸ್ಥಾಪಿತವಾದುದು. ಹಿಂದೆ ಅರಮನೆಯಾಗಿದ್ದ ಕಟ್ಟಡದಲ್ಲಿ ಸುಮಾರು ಎರಡು ಕೋಟಿ ವಸ್ತುಗಳಿದ್ದುವು. 2018ರ ಸೆಪ್ಟೆಂಬರ್ 2ರ ರಾತ್ರಿ ಬೆಂಕಿ ಬಿದ್ದು ಬಹುಭಾಗ ಬೂದಿಯಾಯಿತು. ಬೆಂಕಿ ಆರಿಸಲು ಬಂದವರಿಗೆ ಸಮೀಪದ ಎರಡು ನಲ್ಲಿಗಳಲ್ಲಿ ನೀರು ದೊರೆಯಲಿಲ್ಲ. ಅಗ್ನಿರಕ್ಷಣೆಯೂ ಸೇರಿದಂತೆ ದುರಸ್ತಿಗೆ ಧನಸಹಾಯದ ಒಪ್ಪಂದ ಅದೇ ಜೂನ್ ತಿಂಗಳಲ್ಲಿ ಆಗಿತ್ತು. ಹಣಕ್ಕಿಂತ ಮೊದಲೇ ಬೆಂಕಿ ಬಂತು.

ಸುಟ್ಟವುಗಳಲ್ಲಿ ಅಲ್ಲಿಯ ಮೂಲನಿವಾಸಿಗಳ ಭಾಷೆಗಳ ಧ್ವನಿಮುದ್ರಣಗಳೂ ಇದ್ದುವು. ಆಡುವವರೇ ಇಂದು ಉಳಿಯದ ಭಾಷೆಗಳು ಕೆಲವು. ‘ಲೂಸಿಯಾ’ ಎಂಬ ಪ್ರಾಚೀನ ತಲೆಬುರುಡೆಯ ಚೂರುಗಳು ಬೂದಿಯಲ್ಲಿ ಸಿಕ್ಕಿದುವು. ಧ್ವನಿಸುರುಳಿಗೆ ಆ ಭಾಗ್ಯವೆಲ್ಲಿ? ಗಡಿನಾಡಿನಲ್ಲಿ ನುಡಿಯನ್ನು ಕಾಯುತ್ತಿರುವ ನಮಗೆ ಈ ನಷ್ಟದ ತೂಕವನ್ನು ಬೇರೆಯವರು ತಿಳಿಸಬೇಕಾದುದಿಲ್ಲ.

ಬೆಂಕಿ ಹುಟ್ಟಿದುದು ಸಭಾಂಗಣದ ಹವಾನಿಯಂತ್ರಣ ಯಂತ್ರದಲ್ಲಿ ಎಂದು ಪೊಲೀಸ್ ತನಿಖೆ ಹೇಳಿತು. ಅಲ್ಲಿಯ ಯಂತ್ರಗಳಿಗೆ ಒಂದೊಂದಕ್ಕೂ ಪ್ರತ್ಯೇಕ ಬ್ರೇಕರ್ ಇರಲಿಲ್ಲ. ಒಂದಕ್ಕೆ ಅರ್ಥಿಂಗೂ ಇರಲಿಲ್ಲ. ಹಳೆಯ ಕಟ್ಟಡಗಳ ತಂತಿಗಳು ಕೆಲವೇ ದೀಪಗಳಿಗಾಗಿ ಹಾಕಿದಂಥವು. ಅವುಗಳ ಮೇಲೆ ದೊಡ್ಡ ಯಂತ್ರಗಳ ಭಾರ ಹೊರಿಸಿದರೆ ತಂತಿ ಕಾದು, ಹೊದಿಕೆ ಕರಗಿ, ಕಿಡಿ ಏಳುತ್ತದೆ. ಆದುದರಿಂದ ಮೊದಲು ಒಟ್ಟು ಭಾರದ ಲೆಕ್ಕ, ಬಳಿಕ ಹೊಸ ತಂತಿ, ಅನಂತರ ಯಂತ್ರ.

ಗಾಳಿಯ ವಿಷಯ ಇನ್ನೂ ಸೂಕ್ಷ್ಮ. ತಂಪೊಂದೇ ಸಾಲದು, ತೇವವೂ ಸ್ಥಿರವಾಗಿರಬೇಕು. ಗಾಳಿ ತಣ್ಣಗಾದಂತೆ ಅದು ನೀರಾವಿಯನ್ನು ಹಿಡಿದಿಡುವ ಪ್ರಮಾಣ ಕುಗ್ಗುತ್ತದೆ. ಹೊಸ ನೀರು ಸೇರದಿದ್ದರೂ ತೇವಾಂಶದ ಮಟ್ಟ ಏರುತ್ತದೆ. ಅದಕ್ಕಾಗಿಯೇ ದೊಡ್ಡ ಸಂಗ್ರಹಾಲಯಗಳಲ್ಲಿ ಗಾಳಿಯನ್ನು ಬೇಕಾದುದಕ್ಕಿಂತ ಹೆಚ್ಚು ತಣಿಸಿ, ನೀರನ್ನು ಇಳಿಸಿ, ಮತ್ತೆ ತುಸು ಬಿಸಿಮಾಡಿ ಒಳಬಿಡುತ್ತಾರೆ. ಹಗಲು ಯಂತ್ರ ನಡೆಸಿ ಸಂಜೆ ಬಾಗಿಲಿಗೆ ಬೀಗ ಹಾಕುವಾಗ ನಿಲ್ಲಿಸಿದರೆ ಮರವೂ ಓಲೆಗರಿಯೂ ದಿನವೂ ಹಿಗ್ಗಿ ಕುಗ್ಗಿ ಸೀಳತೊಡಗುತ್ತವೆ. ಅಂಥ ಯಂತ್ರಕ್ಕಿಂತ ದಪ್ಪಗೋಡೆಯ ಹಳೆಯ ಕೋಣೆಯೇ ಲೇಸೆಂದು ನನ್ನ ಅಭಿಪ್ರಾಯ.

ಬೆಳಕಿಗೆ, ಓಲೆಗರಿ ಬಟ್ಟೆಗಳ ಮೇಲೆ 50 ಲಕ್ಸ್ ಸಾಕು. ಎಲ್‌ಇಡಿ ದೀಪಗಳಿಂದ ಕಾವೂ ಕಡಿಮೆ.

ನೀರು ಚಿಮ್ಮುವ ಕೊಳವೆಗಳನ್ನು ಕಂಡರೆ ಗ್ರಂಥಪಾಲಕರಿಗೆ ಭಯ. ಆದರೆ ಒಂದೆಡೆ ಹೊಗೆ ಕಂಡರೆ ಎಲ್ಲ ಬಾಯಿಗಳೂ ತೆರೆಯುವುದಿಲ್ಲ. ಕಾವು ತಟ್ಟಿದುದು ಮಾತ್ರ ತೆರೆಯುತ್ತದೆ. ಹೊಗೆ ಸೂಚಕ ಎಚ್ಚರಿಸುವ ತನಕ ಕೊಳವೆಗಳನ್ನು ನೀರಿಲ್ಲದೆ ಇಡುವ ಏರ್ಪಾಡೂ ಉಂಟು; ಕೊಳವೆ ಸೋರಿ ಗ್ರಂಥ ನೆನೆಯುವ ಅಂಜಿಕೆ ಅದರಲ್ಲಿ ಬಹಳ ಕಡಿಮೆ.

ಇನ್ನು ದುರಸ್ತಿಯ ದಿನಗಳೇ ಅಪಾಯದ ದಿನಗಳು: ತಾತ್ಕಾಲಿಕ ತಂತಿಗಳು, ಬೆಸುಗೆಯ ಕಿಡಿ, ಎಲ್ಲೆಡೆ ಮರದ ಹೊಟ್ಟು. ಗೋಡೆ ಒಡೆಯುವ ಮುನ್ನವೇ ಸಂಗ್ರಹವನ್ನು ಬೇರೆಡೆಗೆ ಸಾಗಿಸಿ, ಬೆಸುಗೆ ನಡೆದ ಕೋಣೆಯಲ್ಲಿ ಕೆಲಸ ಮುಗಿದ ಮೇಲೂ ಕೆಲವು ತಾಸು ಕಾವಲಿಡತಕ್ಕದ್ದು.