ಕಿಟ್ಟದ ಲೆಕ್ಕ

ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು ರಾಮಾಪುರ. ಅಲ್ಲೊಂದು ಕುಲುಮೆಯ ಮುಂದೆ ಕೂತಿದ್ದೆ. ಆಚಾರಿ ತಿದಿ ನಿಲ್ಲಿಸಿ, ಕೆಂಡದ ಅಡಿಗೆ ಕೊಕ್ಕೆ ಹಾಕಿ ಅಂಗೈಯಗಲದ ಗಟ್ಟಿಯೊಂದನ್ನು ಎಳೆದು ಹೊರಗೆ ಬಿಸಾಕಿದರು. ಒಂದು ಕಡೆ ಗಾಜಿನ ಹೊಳಪು, ಇನ್ನೊಂದು ಕಡೆ ತೂತುತೂತು. ‘ಕಿಟ್ಟ ತಗೀದೆ ಹೋದ್ರ ಗಾಳಿ ಕಟ್ಕತದ ಸಾ’ ಎಂದರು.

ಘನ ಇಂಧನದ ರಾಕೆಟ್ ಕಟ್ಟುವವರ ತಲೆನೋವೂ ಇದೇ ಕಿಟ್ಟ. ಒಂದೇ ವ್ಯತ್ಯಾಸವೆಂದರೆ, ಉರಿಯುವ ರಾಕೆಟ್ಟಿನೊಳಗೆ ಕೊಕ್ಕೆ ಹಾಕಲಾಗದು.

ಮೈಸೂರಿನ ಬಾಣಗಳಲ್ಲೂ ಕಿಟ್ಟ ಇತ್ತು. ಹೈದರ್, ಟಿಪ್ಪು ಕಾಲದ ಬಾಣಕ್ಕೆ ಕಬ್ಬಿಣದ ಕೊಳವೆ, ಬಿದಿರಿನ ಬಾಲ, ಒಳಗೆ ಕರಿಮದ್ದು. ಕಾಗದದ ಕೊಳವೆ ತಾಳದ ಒತ್ತಡವನ್ನು ಕಬ್ಬಿಣ ತಾಳಿತು, ಬಾಣ ದೂರ ಹೋಯಿತು. ಆದರೆ ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ತೂಕ ಅನಿಲವಾಗದೆ ಪೊಟ್ಯಾಸಿಯಂ ಲವಣಗಳ ಹೊಗೆಯಾಗಿ, ಮಸಿಯಾಗಿ ಉಳಿಯುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಬಾಣಗಳು ಇಂಗ್ಲೆಂಡಿನ ವುಲಿಚ್‌ಗೆ ಹೋದವು, ಅವನ್ನು ನೋಡಿ ವಿಲಿಯಂ ಕಾಂಗ್ರೀವ್ ತನ್ನವನ್ನು ಮಾಡಿಕೊಂಡ. ಈ ಕಥೆಯನ್ನು 1985ರಲ್ಲಿ ವಿಜ್ಞಾನಿಯ ಕಣ್ಣಿನಿಂದ ಬರೆದವರು ಬೆಂಗಳೂರಿನ ರೊದ್ದಂ ನರಸಿಂಹ. ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯಲ್ಲಿ 2018ರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು.

ಕಿಟ್ಟ ದೊಡ್ಡ ಸಮಸ್ಯೆಯಾದದ್ದು ಅಲ್ಯೂಮಿನಿಯಂ ಬಂದ ಮೇಲೆ. 1950ರ ದಶಕದ ನಡುವೆ ಅಮೆರಿಕದ ಕೀತ್ ರಂಬಲ್ ಮತ್ತು ಚಾರ್ಲ್ಸ್ ಹೆಂಡರ್ಸನ್ ಇಂಧನಕ್ಕೆ ಅಲ್ಯೂಮಿನಿಯಂ ಪುಡಿಯನ್ನು ಧಾರಾಳವಾಗಿ ಸೇರಿಸಿದರೆ ಬಲ ಏರುತ್ತದೆ ಎಂದು ತೋರಿಸಿದರು. ಬಲವೇನೋ ಏರಿತು, ಜೊತೆಗೆ ಬೂದಿಯೂ. ಸ್ಪೇಸ್ ಶಟಲ್‌ನ ಬೂಸ್ಟರಿನಲ್ಲಿ ಶೇ. 16ರಷ್ಟು ಅಲ್ಯೂಮಿನಿಯಂ, ಉರಿದು ಆಮ್ಲಜನಕ ಹಿಡಿದುಕೊಂಡರೆ ಅದು ಒಟ್ಟು ತೂಕದ ಶೇ. 30ರಷ್ಟು ಅಲ್ಯೂಮಿನಾ. ಕರಗಲು ಅದಕ್ಕೆ ಎರಡು ಸಾವಿರ ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬೇಕು. ಒಳಗಿನ ಬೆಂಕಿ ಮೂರು ಸಾವಿರ ದಾಟಿರುವುದರಿಂದ ಅದು ಹನಿಯಾಗಿ ಹಾರುತ್ತದೆ.

ಹಾರಿ ಎಲ್ಲಿಗೆ ಹೋಗುತ್ತದೆ? ಕಣದಲ್ಲಿ ರಾಗಿ ತೂರುವವರಿಗೆ ಉತ್ತರ ಗೊತ್ತು. ಮೊರದಿಂದ ಸುರಿದರೆ ಹೊಟ್ಟು ಗಾಳಿ ಕರೆದತ್ತ ಹೋಗುತ್ತದೆ, ಕಾಳು ಕಾಲಡಿ ಬೀಳುತ್ತದೆ. ಒಂದೆರಡು ಮೈಕ್ರಾನಿನ ಹನಿ ಹೊಟ್ಟಿನ ಹಾಗೆ. ಅನಿಲದ ಜೊತೆಗೇ ತಿರುಗಿ, ಅದು ಹೊರಬೀಳುವ ನಾಝಲ್‌ನಿಂದ ಪಾರಾಗುತ್ತದೆ. ನೂರು ಮೈಕ್ರಾನಿನದು ಕಾಳು, ತಿರುವಿನಲ್ಲಿ ತಿರುಗಲಾರದು. ದೊಡ್ಡ ರಾಕೆಟ್ ಮೋಟಾರುಗಳಲ್ಲಿ ನಾಝಲ್‌ನ ಬಾಯಿ ಸ್ವಲ್ಪ ಒಳಕ್ಕೆ ಹೂತಿರುತ್ತದೆ. ಅದರ ಸುತ್ತಲಿನ ಸಂದಿಯಲ್ಲಿ ಈ ದಪ್ಪ ಹನಿಗಳು ಕೆರೆ ಕಟ್ಟುತ್ತವೆ.

ಹಾಗಾದರೆ ಹನಿ ದಪ್ಪವಾಗುವುದು ಏಕೆ? ಇಂಧನದೊಳಗೆ ಅಮೋನಿಯಂ ಪರ್ಕ್ಲೋರೇಟಿನ ದಪ್ಪ ಹರಳುಗಳಿರುತ್ತವೆ. ಅವುಗಳ ನಡುವಿನ ಸಂದಿಗಳಲ್ಲಿ ಸಿಕ್ಕಿಕೊಂಡ ಅಲ್ಯೂಮಿನಿಯಂ ಕಣಗಳು ಕರಗಿ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. 1983ರಲ್ಲಿ ಎನ್. ಎಸ್. ಕೋಹೆನ್ ಈ ಸಂದಿಗಳನ್ನು ‘ಜೇಬು’ ಎಂದು ಕರೆದು ಲೆಕ್ಕ ಹಾಕಿಕೊಟ್ಟರು. ಸಂದಿಯ ಅಳತೆ ತಿಳಿದರೆ ಮುದ್ದೆಯ ಅಳತೆ ಊಹಿಸಬಹುದು. ಸರಳ ಲೆಕ್ಕ, ಆದರೆ ನನಗೆ ಈ ಇಡೀ ಕಥೆಯಲ್ಲಿ ಇಷ್ಟವಾದದ್ದು ಇದೇ.

ಲೆಕ್ಕದ ತುರ್ತು ಕಂಡದ್ದು 1993ರ ಜನವರಿಯಲ್ಲಿ. ಎಂಡೆವರ್ ಎಂಬ ಸ್ಪೇಸ್ ಶಟಲ್ ಹಾರಿ ಒಂದು ನಿಮಿಷ ಕಳೆದ ಮೇಲೆ ಒಂದು ಬೂಸ್ಟರಿನ ಒತ್ತಡ ತಟ್ಟನೆ ಜಿಗಿಯಿತು. ನಾಝಲ್ ಸುತ್ತಲಿನ ಸಂದಿಯ ಕಿಟ್ಟ ತುಳುಕಿ ಅದರ ಗಂಟಲಿಗೆ ಬಂದರೆ ಕ್ಷಣಕಾಲ ದಾರಿ ಕಿರಿದಾಗುತ್ತದೆ. ಆಚಾರಿಯ ಮಾತು ನೆನಪಿಸಿಕೊಳ್ಳಿ, ಗಾಳಿ ಕಟ್ಟಿಕೊಳ್ಳುತ್ತದೆ. ಎರಡು ಬೂಸ್ಟರುಗಳ ಬಲ ಏರುಪೇರಾದರೆ ರಾಕೆಟ್ ಒಂದು ಕಡೆಗೆ ವಾಲತೊಡಗುತ್ತದೆ.

ನಮ್ಮ ಎಸ್-200 ಬೂಸ್ಟರ್ ಕೂಡ ಇದೇ ಜಾತಿಯದು. 3.2 ಮೀಟರ್ ವ್ಯಾಸ, 200 ಟನ್ನಿಗೂ ಮಿಕ್ಕ ಇಂಧನ. 2010ರ ಜನವರಿ 24ರಂದು ಶ್ರೀಹರಿಕೋಟಾದಲ್ಲಿ ಮೊದಲ ಬಾರಿ ನೆಲದ ಮೇಲೆ ಉರಿಸಿದರು. 2023ರ ಜುಲೈನಲ್ಲಿ ಚಂದ್ರಯಾನ-3ನ್ನು ಮೇಲೆತ್ತಿದ್ದು ಅಂಥ ಎರಡು.

ಕಂಪ್ಯೂಟರಿನಲ್ಲಿ ಹನಿಹನಿಯ ಜಾಡು ಹಿಡಿದು ಎಷ್ಟು ಕಿಟ್ಟ ಕೂರುತ್ತದೆಂದು ಹೇಳಬಹುದು. ಅದು ನಿಜವೋ ಸುಳ್ಳೋ ನೋಡುವುದು ಹೇಗೆ? ಅಮೆರಿಕದ ಯೂಟಾದಲ್ಲಿ ಶಟಲ್ ಮೋಟಾರನ್ನು ಮಲಗಿಸಿ ಉರಿಸುತ್ತಿದ್ದರು. ಮಲಗಿದ್ದರಲ್ಲಿ ಕಿಟ್ಟ ಉದ್ದಕ್ಕೂ ಹಾಸಿಕೊಳ್ಳುತ್ತದೆ. ಹಾರುವಾಗ ವೇಗೋತ್ಕರ್ಷಕ್ಕೆ ಸಿಕ್ಕಿ ಹಿಂದಕ್ಕೆ, ನಾಝಲ್ ಕಡೆಗೇ, ಜಮೆಯಾಗುತ್ತದೆ. ಆದ್ದರಿಂದ ಲೆಕ್ಕವನ್ನು ಮೊದಲು ಮಲಗಿದ ಮೋಟಾರಿಗೆ ಹೊಂದಿಸಿ, ಆಮೇಲೆ ನಿಲ್ಲಿಸಿ ನೋಡಬೇಕು. ಹೊಂದಿಸಲು ಬೇಕಾದ ಅಂಕಿ ಸಿಗುವುದು, ಕವಚ ತಣ್ಣಗಾದ ಮೇಲೆ ಒಳಗಿನ ಕಿಟ್ಟವನ್ನು ಕೆರೆದು ತೆಗೆದು ತಕ್ಕಡಿಗೆ ಹಾಕಿದಾಗ.